ಹುಬ್ಬಳ್ಳಿಯಿಂದ ನಗರಗೆರೆಗೆ ಒಂದು ಆಕ್ಸೊಲಾಟ್ಲ್

ಮೇ ತಿಂಗಳಲ್ಲಿ ಎಕ್ಸಾಮ್ ಮುಗಿದ ಮೇಲೆ ರೂಮ್ ಖಾಲಿ ಮಾಡೋದು ಅಂದ್ರೆ ಬಟ್ಟೆ, ಬುಕ್ಸ್, ಬಕೆಟ್ ಅಷ್ಟೇ ಅಲ್ಲ. ಈಗೀಗ ಸುಮಾರು ಬಾಡಿಗೆ ರೂಮುಗಳಲ್ಲಿ ಒಂದು ಗಾಜಿನ ತೊಟ್ಟಿಯೂ ಇರುತ್ತೆ. ನಮ್ಮ ತೊಟ್ಟಿಯಲ್ಲಿ ಇರೋದು ಆಕ್ಸೊಲಾಟ್ಲ್. ನಾವು ಮೂವರೂ ರಜೆಗೆ ಹೊರಟರೆ ಅದನ್ನ ನೋಡ್ಕೊಳ್ಳೋಕೆ ಇಲ್ಲಿ ಯಾರೂ ಇಲ್ಲ. ಹಾಗಾಗಿ ನಮ್ಮಲ್ಲೊಬ್ಬನ ಊರಾದ ಗೌರಿಬಿದನೂರು ತಾಲ್ಲೂಕಿನ ನಗರಗೆರೆಗೆ ಕಾರಲ್ಲಿ ಕರ್ಕೊಂಡು ಹೋಗ್ತೀವಿ. ದಾವಣಗೆರೆ, ಚಿತ್ರದುರ್ಗ, ಹಿರಿಯೂರು ದಾಟಿ, ಶಿರಾದಲ್ಲಿ ಹೈವೇ ಬಿಟ್ಟು, ಮಧುಗಿರಿ ಮೇಲೆ ಹೋದರೆ ಏಳೆಂಟು ಗಂಟೆ. ಎರಡು ಸಲ ಹೋಗಿ ಬಂದಿದ್ದೀವಿ, ಎರಡು ಸಲವೂ ಪ್ರಾಣಿ ಆರಾಮಾಗಿತ್ತು. ಹೇಗೆ ಅಂತ ಜೂನಿಯರ್ಸ್ ಕೇಳ್ತಾ ಇದ್ದಿದ್ದಕ್ಕೆ ಈ ಲೇಖನ.

ಮೊದಲು ಪ್ರಾಣಿಯ ಬಗ್ಗೆ ಎರಡು ಮಾತು. ಆಕ್ಸೊಲಾಟ್ಲ್ ಮೀನಲ್ಲ, ಕಪ್ಪೆಯ ಹಾಗೆ ಉಭಯಚರ. ಮೆಕ್ಸಿಕೋ ಸಿಟಿಯ ಸೋಚಿಮಿಲ್ಕೊ ಅನ್ನೋ ಕೆರೆ-ಕಾಲುವೆಗಳ ಜಾಗ ಇದರ ತವರು. ಗೊದಮೊಟ್ಟೆ ದೊಡ್ಡದಾಗೋಕೆ ಒಪ್ಪದೇ ಹಾಗೇ ಉಳಿದುಬಿಟ್ಟರೆ ಹೇಗೋ ಹಾಗೆ, ಕಿವಿರು ಇಟ್ಕೊಂಡೇ ಜೀವನಪೂರ್ತಿ ನೀರಲ್ಲೇ ಇರುತ್ತೆ. ಅದಕ್ಕೆ ಹಿತವಾಗಿರೋದು 16ರಿಂದ 18 ಡಿಗ್ರಿ ನೀರು. 24 ದಾಟಿದರೆ ಕಷ್ಟ ಶುರು. ಹಿರಿಯೂರಿನ ಮೇ ತಿಂಗಳ ಬಿಸಿಲು ಗೊತ್ತಲ್ಲ? ನಿಜವಾದ ಅಪಾಯ ಕುಲುಕಾಟ ಅಲ್ಲ, ಬಿಸಿ. ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ ಕರಗುತ್ತೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30ರಲ್ಲಿ ಏಳೂವರೆ. ಅದೇ ಬಿಸಿಗೆ ಪ್ರಾಣಿಗೆ ಬೇಕಾಗೋ ಆಮ್ಲಜನಕ ಮಾತ್ರ ಜಾಸ್ತಿ.

ಹೊರಡೋ ಎರಡು ದಿನ ಮುಂಚೆ ಊಟ ನಿಲ್ಲಿಸಿ. ಪಾಪ ಅನ್ನಿಸುತ್ತೆ, ಆದರೆ ದೊಡ್ಡ ಆಕ್ಸೊಲಾಟ್ಲ್‌ಗೆ ಅದೇನೂ ಅಲ್ಲ. ತಿಂದರೆ ದಾರಿಯಲ್ಲಿ ಗಲೀಜು ಮಾಡುತ್ತೆ, ಗಲೀಜಿಂದ ಅಮೋನಿಯಾ. ಬಿಸಿ ಮತ್ತು ಪಿಎಚ್ ಏರಿದಷ್ಟೂ ಅಮೋನಿಯಾದ ವಿಷದ ಪಾಲು ಏರುತ್ತೆ.

ಡಬ್ಬಿಗೆ ನಾವು ಬಳಸೋದು ಅಡುಗೆಮನೆಯ ಅಗಲವಾದ ಪ್ಲಾಸ್ಟಿಕ್ ಡಬ್ಬ, ಮುಚ್ಚಳದಲ್ಲಿ ನಾಲ್ಕಾರು ತೂತು. ತೊಟ್ಟಿಯದೇ ನೀರು 4 ಲೀಟರ್. ಕಲ್ಲು, ಆಟಿಕೆ ಮನೆ ಏನೂ ಬೇಡ. ಬ್ರೇಕ್ ಹಾಕಿದಾಗ ಅವು ಉರುಳಿ ಪ್ರಾಣಿಗೆ ಬಡಿಯುತ್ತವೆ. ಈ ಡಬ್ಬ ಒಂದು ಥರ್ಮಾಕೋಲ್ ಬಾಕ್ಸ್ ಒಳಗೆ ಕೂರುತ್ತೆ. ಅದರ ಮುಚ್ಚಳವನ್ನೂ ಪೂರ್ತಿ ಬಿಗಿ ಮಾಡಬಾರದು.

ಇನ್ನು ಐಸ್ ಎಷ್ಟು? ಇಲ್ಲಿ ನಮ್ಮ ಫಸ್ಟ್ ಇಯರ್ ಫಿಸಿಕ್ಸ್ ಮೊದಲ ಸಲ ಉಪಯೋಗಕ್ಕೆ ಬಂತು. ಅರ್ಧ ಇಂಚಿನ ಎರಡರಷ್ಟು, ಅಂದರೆ 2.5 ಸೆಂ.ಮೀ. ದಪ್ಪದ ಥರ್ಮಾಕೋಲ್, ಒಟ್ಟು ಮೈ 0.7 ಚದರ ಮೀಟರ್, ಉಷ್ಣವಾಹಕತೆ ಸುಮಾರು 0.035 ಅಂತ ಇಟ್ಕೊಳ್ಳಿ. ಕಾರೊಳಗೆ 30 ಡಿಗ್ರಿ, ಬಾಕ್ಸೊಳಗೆ 18. ಲೆಕ್ಕ ಹಾಕಿದ್ರೆ ಒಳಗೆ ನುಗ್ಗೋ ಶಾಖ ಸುಮಾರು 12 ವ್ಯಾಟ್, ಗಂಟೆಗೆ 42 ಕಿಲೋಜೌಲ್. ಅರ್ಧ ಲೀಟರ್ ಬಾಟಲಿಯ ಐಸ್ ಕರಗುವಾಗ ಹೀರೋದು 167 ಕಿಲೋಜೌಲ್. ಅಂದರೆ ಒಂದು ಬಾಟಲಿಗೆ ನಾಲ್ಕು ಗಂಟೆ, ಇಡೀ ದಾರಿಗೆ ಎರಡು ಸಾಕು. ಎಸಿ ಹಾಕಿದ್ರೆ ಇನ್ನೂ ಉಳಿಯುತ್ತೆ. ಆದರೂ ನಾವು ಮೂರನೆಯದನ್ನ ನ್ಯೂಸ್‌ಪೇಪರ್ ಸುತ್ತಿ ಬೇರೆ ಚೀಲದಲ್ಲಿ ಇಡ್ತೀವಿ, ಟೈರ್ ಪಂಕ್ಚರ್ ಆಗೋದನ್ನ ಲೆಕ್ಕದಲ್ಲಿ ಹಿಡಿಯೋಕಾಗಲ್ಲ.

ಬಾಟಲಿಯನ್ನ ಟವೆಲ್‌ನಲ್ಲಿ ಸುತ್ತಿ ಡಬ್ಬದ ಪಕ್ಕದಲ್ಲಿ ಇಡಬೇಕು, ನೀರೊಳಗೆ ಅಲ್ಲವೇ ಅಲ್ಲ. ಅದೇ ಅರ್ಧ ಲೀಟರ್ ಐಸ್ 4 ಲೀಟರ್ ನೀರನ್ನ 10 ಡಿಗ್ರಿ ಕೆಳಗಿಳಿಸಬಲ್ಲದು. ಏಕ್‌ದಂ ತಣ್ಣಗಾಗೋದೂ ಪ್ರಾಣಿಗೆ ಹೊಡೆತವೇ. ಅಕ್ವೇರಿಯಂ ಅಂಗಡಿಯ ಥರ್ಮಾಮೀಟರ್ ಒಂದು ಡಬ್ಬದಲ್ಲಿರಲಿ, ಗಂಟೆಗೊಮ್ಮೆ ನೋಡಿ.

ಬಾಕ್ಸ್ ಇಡೋ ಜಾಗ ಡಿಕ್ಕಿ ಅಲ್ಲ. ಮುಂದಿನ ಸೀಟಿನ ಹಿಂದೆ, ಕಾಲಿಡೋ ಜಾಗದಲ್ಲಿ. ಅಲ್ಲಿ ನೆರಳು, ಕುಲುಕಾಟವೂ ಕಮ್ಮಿ. ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಟರೆ ಬಿಸಿಲೇರೋ ಹೊತ್ತಿಗೆ ಶಿರಾ. ದಾರಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ಇಬ್ಬರು ತಿನ್ನೋದು, ಒಬ್ಬ ಎಸಿ ಹಾಕ್ಕೊಂಡು ಕಾರಲ್ಲೇ ಕೂರೋದು. ಬಿಸಿಲಲ್ಲಿ ನಿಂತ ಕಾರು ಅರ್ಧ ಗಂಟೆಯಲ್ಲಿ ಹೊರಗಿಗಿಂತ 15-20 ಡಿಗ್ರಿ ಹೆಚ್ಚು ಕಾಯುತ್ತೆ. ‘ಐದೇ ನಿಮಿಷ ಮಗಾ’ ಅನ್ನೋದು ನಮ್ಮ ಹುಡುಗರ ಬಾಯಲ್ಲಿ ಎಷ್ಟು ಉದ್ದ ಅಂತ ಹೇಳಬೇಕಿಲ್ಲ. ಹಾಗೇ ಕಾರಿಗೆ ಪರ್ಫ್ಯೂಮ್, ಸೊಳ್ಳೆ ಸ್ಪ್ರೇ ಹೊಡೀಬೇಡಿ. ಸ್ಯಾನಿಟೈಸರ್ ಕೈಯಲ್ಲಿ ಮುಟ್ಟಲೂ ಬೇಡಿ. ಉಭಯಚರಗಳ ಚರ್ಮ ನಮ್ಮ ಹಾಗಲ್ಲ, ಮೇಲೆ ಬಿದ್ದದ್ದನ್ನ ಒಳಗೆ ಎಳ್ಕೊಳ್ಳುತ್ತೆ.

ಸಾಕಿದ ಕಪ್ಪೆ ಇರೋರಿಗೆ ಇದರಲ್ಲಿ ಒಂದು ಮಾತ್ರ ಬೇರೆ. ನೀರು ತುಂಬಿಸಬೇಡಿ, ಕುಲುಕಾಟಕ್ಕೆ ಮುಳುಗಬಹುದು. ಕ್ಲೋರಿನ್ ಇಲ್ಲದ ನೀರಲ್ಲಿ ಒದ್ದೆ ಮಾಡಿದ ಟಿಶ್ಯೂ ಹಾಸಿದ ಡಬ್ಬ ಸಾಕು.

ಕಾಗದದ ವಿಷಯ ಯಾರೂ ಹೇಳಲ್ಲ, ಅದಕ್ಕೆ ಹೇಳ್ತೀವಿ. ಆಕ್ಸೊಲಾಟ್ಲ್ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2024ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಇಂಥ ಪ್ರಾಣಿ ಸಾಕಿರೋರು ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅದರ ಪ್ರಿಂಟ್ ಕಾರಿನಲ್ಲಿ ಇಟ್ಕೊಳ್ಳಿ. ಮಳೆ ಬಿದ್ದಾಗ ಊರ ಗದ್ದೆಯಲ್ಲಿ ಕಂಡ ಕಪ್ಪೆಯನ್ನ ಹಿಡ್ಕೊಂಡು ರೂಮಿಗೆ ತರೋ ಐಡಿಯಾ ಬೇಡ. ನಮ್ಮ ಹಲವು ಕಪ್ಪೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದರ ಉಲ್ಟಾ ಕೆಲಸ ಇನ್ನೂ ಕೆಟ್ಟದ್ದು: ಸಾಕೋಕಾಗಲ್ಲ ಅಂತ ಪ್ರಾಣಿಯನ್ನೋ ತೊಟ್ಟಿ ನೀರನ್ನೋ ಊರ ಕೆರೆಗೆ ಬಿಡೋದು. ಕೈಟ್ರಿಡ್ ಅನ್ನೋ ಚರ್ಮದ ಶಿಲೀಂಧ್ರ ಪ್ರಪಂಚದಲ್ಲಿ ಕನಿಷ್ಠ 501 ಉಭಯಚರ ಜಾತಿಗಳನ್ನ ಕುಗ್ಗಿಸಿದೆ, ಅದರಲ್ಲಿ 90 ನಾಶವಾಗಿರಬಹುದು ಅಂತ 2019ರ ಅಧ್ಯಯನ ಹೇಳಿತು. ಅದು ಊರಿಂದೂರಿಗೆ ಹಬ್ಬಿದ್ದರಲ್ಲಿ ಪ್ರಾಣಿಗಳ ವ್ಯಾಪಾರದ ಪಾತ್ರ ದೊಡ್ಡದು. ತೊಟ್ಟಿ ನೀರನ್ನ ಟಾಯ್ಲೆಟ್‌ಗೆ ಸುರಿಯಿರಿ, ಕೆರೆಗಲ್ಲ.

ನಗರಗೆರೆ ತಲುಪಿದ ಮೇಲೆ ಅರ್ಧ ಕೆಲಸ ಬಾಕಿ. ನಮ್ಮ ಭಾಗದ ಬೋರ್‌ವೆಲ್ ನೀರು ಗಡುಸು, ಫ್ಲೋರೈಡ್ ಬೇರೆ. ಅದಕ್ಕೇ ಹುಬ್ಬಳ್ಳಿಯ ತೊಟ್ಟಿ ನೀರನ್ನೇ 20 ಲೀಟರ್ ಕ್ಯಾನಲ್ಲಿ ಒಯ್ತೀವಿ. ಟಬ್‌ಗೆ ಅದನ್ನ ಸುರಿದು, ಎರಡೂ ನೀರಿನ ಬಿಸಿ ಸಮ ಆದಮೇಲೆ ಪ್ರಾಣಿಯನ್ನ ಮಾತ್ರ ವರ್ಗಾಯಿಸ್ತೀವಿ, ದಾರಿಯ ಡಬ್ಬದ ನೀರನ್ನಲ್ಲ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಊರ ನೀರು. ಫಿಲ್ಟರ್ ಸ್ಪಂಜನ್ನ ತೊಳೆಯದೆ, ತೊಟ್ಟಿ ನೀರಲ್ಲಿ ಒದ್ದೆಯಾಗಿಯೇ ಒಯ್ಯಿರಿ. ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಇರೋದು ಅದರಲ್ಲೇ.

ಕರೆಂಟ್ ಹೋದ್ರೆ? ನಮ್ಮ ಕಡೆ ಬಿಸಿಲು ಒಣ ಬಿಸಿಲು, ಆವಿಯಾಗೋದು ಜೋರು. ಮಡಕೆಯ ನೀರು ತಣ್ಣಗಿರೋದು ಇದೇ ಕಾರಣಕ್ಕೆ. ಹಳೇ ಮನೆಯ ಒಳಗಿನ ಕತ್ತಲೆ ಕೋಣೆಯ ಕಲ್ಲು ನೆಲದ ಮೇಲೆ ಟಬ್ ಇಟ್ಟು, ಸುತ್ತ ಒದ್ದೆ ಗೋಣಿಚೀಲ ಹೊದಿಸಿದ್ರೆ ನೀರು ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಕೆಳಗೇ ನಿಲ್ಲುತ್ತೆ. ಸಾಲದಿದ್ರೆ ಫ್ರಿಜ್ಜಿನ ಐಸ್ ಬಾಟಲಿ. ಗೋಣಿಗೆ ಗಂಟೆಗೊಮ್ಮೆ ನೀರು ಚಿಮುಕಿಸೋ ಡ್ಯೂಟಿ ಅಜ್ಜಿ ತಾವೇ ತಗೊಂಡಿದ್ದಾರೆ. “ಮಳೆ ಬರ್ಲಿ ಅಂತ ಕಪ್ಪೆಗೆ ಮದ್ವೆ ಮಾಡಿದ್ದು ಕೇಳಿದೀನಿ ಕಣಪ್ಪ, ಕಪ್ಪೆ ನೆಂಟನಿಗೆ ಎಸಿ ಕಾರು ಇದೇ ಮೊದ್ಲು” ಅಂತ ಬೀದಿಯವರಿಗೆಲ್ಲ ಹೇಳ್ಕೊಂಡು ನಗ್ತಾರೆ.