ಕೌತ್ಸನ ಆಕ್ಷೇಪ, ಯಾಸ್ಕನ ಸಮಾಧಾನ: ವೇದಾರ್ಥವಿವಾದದ ಒಂದು ಪರಿಶೀಲನೆ

ಶಾಸ್ತ್ರಗ್ರಂಥಗಳನ್ನು ಕುರಿತ ಸಂದೇಹವೆಂದೊಡನೆ ನಮಗೆ ಮೊದಲು ನೆನಪಾಗುವವರು ಚಾರ್ವಾಕರು. ಆದರೆ ವೇದಮಂತ್ರಗಳ ಮೇಲಿನ ಕ್ರಮಬದ್ಧವಾದ ಒಂದು ಪ್ರಾಚೀನ ಆಕ್ಷೇಪಮಾಲೆ ದೊರೆಯುವುದು ನಾಸ್ತಿಕರ ಗ್ರಂಥದಲ್ಲಲ್ಲ. ವೇದಾಂಗಗಳಲ್ಲಿ ಒಂದಾದ ನಿರುಕ್ತದ ಮೊದಲನೆಯ ಅಧ್ಯಾಯದಲ್ಲಿಯೇ. ಯಾಸ್ಕನ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಪೂ. 7ರಿಂದ 5ನೆಯ ಶತಮಾನಗಳ ನಡುವೆ ಇರಿಸುತ್ತಾರೆ. ಕಠಿನವಾದ ವೈದಿಕ ಪದಗಳಿಗೆ ಅರ್ಥ ಹೇಳಹೊರಟ ಆತನಿಗೆ ಆರಂಭದಲ್ಲಿಯೇ ಎದುರಾದವನು ಕೌತ್ಸ. ಮಂತ್ರಗಳ ಅರ್ಥವನ್ನು ತಿಳಿಸುವುದಕ್ಕಾಗಿ ನಿರುಕ್ತವೆನ್ನುವುದಾದರೆ ಅದು ನಿಷ್ಪ್ರಯೋಜಕ, ಏಕೆಂದರೆ ಮಂತ್ರಗಳಿಗೆ ಅರ್ಥವೇ ಇಲ್ಲ ಎಂಬುದು ಅವನ ವಾದ. ಕೌತ್ಸನನ್ನು ನಾವು ಬಲ್ಲುದು ಅವನ ಪ್ರತಿವಾದಿಯ ಮೂಲಕವೇ ಎಂಬುದು ಗಮನಾರ್ಹ.

ಅವನ ಆಕ್ಷೇಪಗಳನ್ನು ಸಂಗ್ರಹಿಸಿದರೆ ಏಳಾಗುತ್ತವೆ. ಮಂತ್ರದ ಪದಗಳೂ ಅವುಗಳ ಅನುಕ್ರಮವೂ ನಿಯತ. ಒಂದು ಪದದ ಬದಲಿಗೆ ಅದೇ ಅರ್ಥದ ಇನ್ನೊಂದನ್ನು ಇಡುವಂತಿಲ್ಲ. ಮಂತ್ರ ತಾನೇ ಹೇಳುವ ಕ್ರಿಯೆಯನ್ನು ಬ್ರಾಹ್ಮಣವಾಕ್ಯ ಮತ್ತೆ ವಿಧಿಸುತ್ತದೆ. ಮಂತ್ರದಿಂದ ಅರ್ಥ ತಿಳಿಯುವಂತಿದ್ದರೆ ಆ ವಿಧಿ ಏಕೆ? ಹಿಂಸಿಸಬೇಡವೆಂದು ಕೊಡಲಿಯನ್ನು ಪ್ರಾರ್ಥಿಸುತ್ತಲೇ ಅದರಿಂದ ಕಡಿಯುವುದು ಅಸಂಗತ. ಒಂದೆಡೆ ರುದ್ರನು ಒಬ್ಬನೇ, ಇನ್ನೊಂದೆಡೆ ರುದ್ರರು ಸಹಸ್ರಾರು. ಒಂದೆಡೆ ಇಂದ್ರನಿಗೆ ಶತ್ರುಗಳೇ ಇಲ್ಲ, ಇನ್ನೊಂದೆಡೆ ಅವನು ನೂರು ಸೇನೆಗಳನ್ನು ಗೆದ್ದವನು. ತನ್ನ ಕರ್ತವ್ಯವನ್ನು ಬಲ್ಲ ಋತ್ವಿಜನಿಗೇ ಅದನ್ನು ಮಾಡೆಂದು ಹೇಳಲಾಗುತ್ತದೆ. ಅದಿತಿಯೇ ದ್ಯುಲೋಕ, ಅದಿತಿಯೇ ಅಂತರಿಕ್ಷ, ಅದಿತಿಯೇ ಎಲ್ಲವೂ ಆಗುತ್ತಾಳೆ. ಕೊನೆಯದಾಗಿ, ಹಲವು ಪದಗಳ ಅರ್ಥ ಸ್ಪಷ್ಟವೇ ಅಲ್ಲ.

ಯಾಸ್ಕನ ಮೂಲಭೂತ ಸಮಾಧಾನ ಒಂದೇ: ವೇದದ ಶಬ್ದಗಳೂ ಲೋಕದ ಶಬ್ದಗಳೂ ಸಮಾನವಾದುದರಿಂದ ಮಂತ್ರಗಳು ಅರ್ಥವುಳ್ಳವು. ಉಳಿದ ಉತ್ತರಗಳು ಬಹುಮಟ್ಟಿಗೆ ಇದರ ವಿಸ್ತರಣೆ. ಪದಕ್ರಮದ ನಿಯಮ ಲೋಕದಲ್ಲಿಯೂ ಇದೆ. ತಂದೆ-ಮಗ ಎನ್ನುವೆವಲ್ಲದೆ ಮಗ-ತಂದೆ ಎನ್ನುವುದಿಲ್ಲ. ಬ್ರಾಹ್ಮಣವಾಕ್ಯ ಹೇಳಿದುದರ ಅನುವಾದ ಮಾತ್ರ. ರಾಜನಿಗೆ ಶತ್ರುಗಳಿಲ್ಲವೆಂದು ಹೊಗಳಿದಾಗ ಅದನ್ನು ಯಾರೂ ಅಕ್ಷರಶಃ ಗ್ರಹಿಸುವುದಿಲ್ಲ. ಬಲ್ಲವನ ಮುಂದೆಯೂ ನಾವು ನಮ್ಮ ಹೆಸರನ್ನು ಹೇಳಿ ಅಭಿವಾದನ ಮಾಡುತ್ತೇವೆ. ಎಲ್ಲ ರಸಗಳೂ ನೀರಿನಲ್ಲಿವೆ ಎಂಬ ಮಾತು ಲೋಕದಲ್ಲಿಯೂ ಉಂಟು. ಅಸ್ಪಷ್ಟತೆಯ ಆಕ್ಷೇಪಕ್ಕೆ ಆತನ ಉತ್ತರ ಪ್ರಸಿದ್ಧ: ಕುರುಡನು ಕಂಬವನ್ನು ಕಾಣದಿದ್ದರೆ ಅದು ಕಂಬದ ಅಪರಾಧವಲ್ಲ.

ಈ ಸಮಾಧಾನಗಳೆಲ್ಲವೂ ಸಮಬಲವಾದವುಗಳಲ್ಲ. ಲೋಕವ್ಯವಹಾರವನ್ನು ಸಾಕ್ಷಿಯಾಗಿ ಕರೆದಲ್ಲೆಲ್ಲ ಯಾಸ್ಕ ಗೆಲ್ಲುತ್ತಾನೆ. ಅತಿಶಯೋಕ್ತಿ, ಉಪಚಾರ, ಪುನರುಕ್ತಿಗಳು ಭಾಷೆಯ ದೋಷಗಳಲ್ಲ, ಅದರ ಸ್ವಭಾವವೆಂಬುದನ್ನು ಆತ ಬಲ್ಲ. ಆದರೆ ಕೊಡಲಿಯ ಪ್ರಸಂಗದಲ್ಲಿ, ವೇದವಚನವಿರುವುದರಿಂದ ಅದನ್ನು ಅಹಿಂಸೆಯೆಂದೇ ತಿಳಿಯಬೇಕು ಎನ್ನುವಾಗ ಆತ ಲೋಕವನ್ನು ಬಿಟ್ಟು ಶಾಸ್ತ್ರದ ಮೊರೆಹೊಗುತ್ತಾನೆ. ಯಾವ ಗ್ರಂಥದ ಸಾಂಗತ್ಯ ವಿವಾದಕ್ಕೊಳಗಾಗಿದೆಯೋ ಅದನ್ನೇ ಪ್ರಮಾಣವಾಗಿ ಒಡ್ಡುವ ಈ ಉತ್ತರ ನಂಬಿದವನಿಗೆ ಸಾಕು, ಸಂದೇಹಿಗೆ ಸಾಲದು.

ಇದೇ ಬಗೆಯ ತೊಡಕು ನ್ಯಾಯಸೂತ್ರಗಳಲ್ಲಿಯೂ ಕಾಣುತ್ತದೆ. ಅಲ್ಲಿಯ ಪೂರ್ವಪಕ್ಷ ವೇದದ ಮೇಲೆ ಮೂರು ದೋಷಗಳನ್ನು ಹೊರಿಸುತ್ತದೆ: ಅಸತ್ಯ, ವಿರೋಧ, ಪುನರುಕ್ತಿ. ಪುತ್ರಕಾಮೇಷ್ಟಿಯನ್ನು ಮಾಡಿಯೂ ಮಗ ಹುಟ್ಟದಿರುವುದು ಅಸತ್ಯಕ್ಕೆ ಭಾಷ್ಯಕಾರ ವಾತ್ಸ್ಯಾಯನನು ಕೊಡುವ ನಿದರ್ಶನ. ಕರ್ಮದಲ್ಲೋ ಕರ್ತೃವಿನಲ್ಲೋ ಸಾಧನದಲ್ಲೋ ಲೋಪವಿರಬೇಕೆಂಬುದು ಸಿದ್ಧಾಂತಿಯ ಸಮಾಧಾನ. ಫಲ ದೊರೆತರೆ ಶಾಸ್ತ್ರ ನಿಜ, ದೊರೆಯದಿದ್ದರೆ ಪ್ರಯೋಗ ದುಷ್ಟ ಎಂಬ ಈ ಮಾತನ್ನು ಯಾವ ಅನುಭವವೂ ಅಲ್ಲಗಳೆಯಲಾರದು. ಅದೇ ಅದರ ಬಲ, ಅದೇ ಅದರ ದೌರ್ಬಲ್ಯ. ಇದನ್ನು ನೈಯಾಯಿಕರೂ ಅರಿತಿದ್ದರೇನೋ ಎಂಬಂತೆ, ಮುಂದೆ ವೇದದ ಪ್ರಾಮಾಣ್ಯವನ್ನು ಆಯುರ್ವೇದದ ಪ್ರಾಮಾಣ್ಯಕ್ಕೆ ಹೋಲಿಸುತ್ತಾರೆ. ಕಂಡು ಪರೀಕ್ಷಿಸಬಹುದಾದ ಶಾಸ್ತ್ರದ ಬಲದಿಂದ ಕಾಣದುದನ್ನು ಸಮರ್ಥಿಸುವ ಕ್ರಮವಿದು.

ಈ ವಿವಾದಕ್ಕೂ ಕನ್ನಡನಾಡಿಗೂ ನೇರವಾದ ಸಂಬಂಧವಿದೆ. ಜೈಮಿನಿಯ ಮೀಮಾಂಸಾಸೂತ್ರಗಳಲ್ಲಿ ಮತ್ತೆ ಚರ್ಚೆಗೊಂಡ ಈ ಆಕ್ಷೇಪಗಳನ್ನು 14ನೆಯ ಶತಮಾನದಲ್ಲಿ, ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಸಾಯಣಾಚಾರ್ಯರು ತಮ್ಮ ಋಗ್ವೇದಭಾಷ್ಯದ ಉಪೋದ್ಘಾತದಲ್ಲಿ ಪುನಃ ಎತ್ತಿಕೊಂಡು ಉತ್ತರಿಸಿದರು. ‘ಜರ್ಭರೀ ತುರ್ಫರೀ’ಯಂಥ ದುರ್ಬೋಧ ಪದಗಳು ಮೀಮಾಂಸಕರಿಗೆ ಜಿಜ್ಞಾಸೆಯ ವಿಷಯವಾಗಿದ್ದವು, ಅದೇ ಶತಮಾನದಲ್ಲಿ ವಿಜಯನಗರದ ಪರಿಸರದಲ್ಲಿಯೇ ರಚಿತವಾದ ಸರ್ವದರ್ಶನಸಂಗ್ರಹದ ಚಾರ್ವಾಕಪ್ರಕರಣದಲ್ಲಿ ಅವು ಪರಿಹಾಸದ ವಸ್ತುವಾಗಿವೆ. ವೇದಕ್ಕೆ ಭಾಷ್ಯ ಬರೆಸಿದ ವಲಯವೇ ವೇದನಿಂದಕರ ವಾದವನ್ನೂ ದಾಖಲಿಸಿ ಉಳಿಸಿತು. ಮುಂದೆ 1849ರಿಂದ 1874ರವರೆಗೆ ಮ್ಯಾಕ್ಸ್ ಮುಲ್ಲರರೂ, 1933ರಿಂದ 1951ರವರೆಗೆ ಪುಣೆಯ ವೈದಿಕ ಸಂಶೋಧನ ಮಂಡಲವೂ ಸಂಪಾದಿಸಿ ಪ್ರಕಟಿಸಿದುದು ಈ ಸಾಯಣಭಾಷ್ಯವನ್ನೇ.

ಆದರೆ ಇನ್ನೊಂದು ಮಾತನ್ನು ಮರೆಯುವಂತಿಲ್ಲ. ಕೌತ್ಸ-ಯಾಸ್ಕರ ವಿವಾದ ಎಷ್ಟೇ ಮುಕ್ತವಾಗಿದ್ದರೂ ಅದು ಅಧ್ಯಯನದ ಅಧಿಕಾರವುಳ್ಳವರ ಒಳಗಿನ ವಿವಾದ. ಸಾಯಣರಿಗಿಂತ ಎರಡು ಶತಮಾನಗಳ ಹಿಂದೆಯೇ ಕಲ್ಯಾಣದ ವಚನಕಾರರು ಎತ್ತಿದ ಪ್ರಶ್ನೆ ಬೇರೆ. ವೇದಕ್ಕೆ ಅರ್ಥವಿದೆಯೇ ಎಂಬುದಕ್ಕಿಂತ, ಆ ಓದು ಓದಿದವನ ನಡೆಯಲ್ಲಿ ಏನಾಗಿದೆ, ಓದುವ ಅಧಿಕಾರವಿಲ್ಲದವನ ಗತಿಯೇನು ಎಂಬುದು ಅವರ ಕಾಳಜಿ. ಈ ಸಂದೇಹಕ್ಕೆ ನಿರುಕ್ತದಲ್ಲಾಗಲಿ ಮೀಮಾಂಸೆಯಲ್ಲಾಗಲಿ ಸಿದ್ಧವಾದ ಸಮಾಧಾನವಿರಲಿಲ್ಲ.

ಹಾಗಾದರೆ ಗೆದ್ದವರು ಯಾರು? ಯಾಸ್ಕನ ಗ್ರಂಥದಲ್ಲಿ ‘ಸ್ಥಾಣು’ ಎಂಬ ಪದ ಎರಡು ಕಡೆ ಬರುತ್ತದೆ. ಒಮ್ಮೆ ಅದು ಕುರುಡನಿಗೆ ಕಾಣದ ಕಂಬ. ಅಲ್ಲಿ ಬೈಗುಳ ಸಂದೇಹಿಗೆ. ತುಸು ಮುಂದೆ, ವೇದವನ್ನು ಕಲಿತೂ ಅರ್ಥವನ್ನು ಅರಿಯದವನು ಹೊರೆ ಹೊತ್ತ ಕಂಬ. ಅಲ್ಲಿ ಬೈಗುಳ ಶ್ರದ್ಧಾಳುವಿಗೆ. ಎರಡನ್ನೂ ಒಟ್ಟಿಗೆ ಓದಿದಾಗಲೇ ಯಾಸ್ಕನ ನಿಲುವು ಪೂರ್ಣವಾಗುತ್ತದೆ. ಲೋಕದ ಮಾತೂ ವೇದದ ಮಾತೂ ಒಂದೇ ಎಂದು ಒಪ್ಪಿದ ಕ್ಷಣದಿಂದ ವೇದವು ವ್ಯಾಕರಣ, ನಿರ್ವಚನ, ತರ್ಕಗಳ ಪರೀಕ್ಷೆಗೆ ತೆರೆದುಕೊಳ್ಳುತ್ತದೆ. ಸಮರ್ಥನೆಗೆ ತೆರಬೇಕಾದ ಬೆಲೆ ಅದು; ಯಾಸ್ಕ ಅದನ್ನು ತೆತ್ತ. ಕೌತ್ಸನ ಪ್ರಶ್ನೆ ಇಲ್ಲದಿದ್ದರೆ ಆ ಬೆಲೆಯನ್ನು ತೆರುವ ಅಗತ್ಯವೇ ಬರುತ್ತಿರಲಿಲ್ಲ. ಸಂದೇಹಿಯ ಮಾತನ್ನು ಅಳಿಸದೆ, ಅದರ ಬಲವನ್ನು ಕುಗ್ಗಿಸದೆ, ಮೊದಲು ಬರೆದಿಟ್ಟು ಅನಂತರ ಉತ್ತರಿಸಿದ ಈ ಪದ್ಧತಿಯನ್ನು ನಮ್ಮ ಕಾಲದ ಶ್ರದ್ಧಾವಂತರೂ ಸಂದೇಹಿಗಳೂ ಸಮಾನವಾಗಿ ಕಲಿಯಬೇಕಾಗಿದೆ.