ಊರ ಹೆಸರು: ಆಜ್ಞೆ ಮತ್ತು ಆಡುನುಡಿ
(ದಾವಣಗೆರೆ–ಹರಿಹರ ಪರಿಸರವನ್ನು ಅನುಲಕ್ಷಿಸಿ)

ಕರ್ನಾಟಕದ ಹನ್ನೆರಡು ನಗರಗಳ ಹೆಸರುಗಳು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬದಲಾದವು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬಳ್ಳಾರಿ, ವಿಜಯಪುರ, ಶಿವಮೊಗ್ಗ, ಚಿಕ್ಕಮಗಳೂರು, ಹೊಸಪೇಟೆ ಮತ್ತು ತುಮಕೂರು ಆ ಪಟ್ಟಿಯಲ್ಲಿದ್ದವು. ದಾವಣಗೆರೆಯಾಗಲಿ ಹರಿಹರವಾಗಲಿ ಅದರಲ್ಲಿ ಇರಲಿಲ್ಲ. ಆದರೂ ಹೆಸರು ಬದಲಾವಣೆಯ ಸ್ವರೂಪವನ್ನು ಅರಿಯಲು ಈ ಎರಡು ಊರುಗಳ ಪರಿಸರ ಬಹಳ ಉಪಯುಕ್ತವಾದುದು. ಹೆಸರು ಬದಲಾದ ಹುಬ್ಬಳ್ಳಿ, ಶಿವಮೊಗ್ಗ, ಹೊಸಪೇಟೆ, ತುಮಕೂರುಗಳಿಗೆ ಹೋಗುವ ದಾರಿಗಳು ಇಲ್ಲಿ ಸಂಧಿಸುತ್ತವೆ. ದಕ್ಷಿಣದ ಮತ್ತು ಉತ್ತರದ ಆಡುನುಡಿಗಳು ಇಲ್ಲಿಯ ಸಂತೆ, ಮಂಡಿ, ಬಸ್ ನಿಲ್ದಾಣಗಳಲ್ಲಿ ಎದುರುಬದುರಾಗುತ್ತವೆ. ಸರ್ಕಾರ ಬದಲಿಸಿದ್ದು ಏನನ್ನು, ಜನ ಉಳಿಸಿಕೊಂಡದ್ದು ಏನನ್ನು ಎಂಬ ಪ್ರಶ್ನೆಯನ್ನು ಈ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಆದೇಶದ ಹಿನ್ನೆಲೆ

ಕರ್ನಾಟಕ ಏಕೀಕರಣದ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಬೆಂಗಳೂರಿನ ಹೆಸರನ್ನು ಕನ್ನಡದ ಉಚ್ಚಾರಣೆಗೆ ತಕ್ಕಂತೆ ಇಂಗ್ಲಿಷಿನಲ್ಲಿಯೂ ಬರೆಯಬೇಕೆಂದು ಯು. ಆರ್. ಅನಂತಮೂರ್ತಿಯವರು ಸಲಹೆ ನೀಡಿದರು. ಮುಖ್ಯಮಂತ್ರಿ ಧರಂ ಸಿಂಗ್ ಅವರು 2005ರ ಡಿಸೆಂಬರ್‌ನಲ್ಲಿ ಇದನ್ನು ಒಪ್ಪಿ ಘೋಷಿಸಿದರು. ಮುಂದೆ ಇತರ ನಗರಗಳೂ ಪ್ರಸ್ತಾವಕ್ಕೆ ಸೇರಿದವು. ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ದೊರೆತದ್ದು 2014ರ ಅಕ್ಟೋಬರ್‌ನಲ್ಲಿ. ಸಲಹೆ ನೀಡಿದ ಲೇಖಕರು ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು.

ಸುಮಾರು ಒಂಬತ್ತು ವರ್ಷಗಳ ಈ ವಿಳಂಬಕ್ಕೆ ಕಡತಗಳ ನಿಧಾನಗತಿಯೊಂದೇ ಕಾರಣವಲ್ಲ. ಬೆಳಗಾವಿಯ ಹೆಸರಿಗೆ ಮಹಾರಾಷ್ಟ್ರದ ಆಕ್ಷೇಪವಿತ್ತು. ಆ ರಾಜ್ಯ 2004ರಲ್ಲಿಯೇ ಗಡಿಯ ಕುರಿತು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತ್ತು. ಕರ್ನಾಟಕವು 2006ರಲ್ಲಿ ಅಲ್ಲಿ ವಿಧಾನಮಂಡಲದ ಅಧಿವೇಶನ ನಡೆಸಿತು. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಈ ಸಾಲಿನಲ್ಲಿ ನಿಂತಾಗ ‘ಬೆಳಗಾವಿ’ ಎಂಬ ಬರಹ ಕೇವಲ ಅಕ್ಷರಗಳ ತಿದ್ದುಪಡಿಯಾಗಿ ಉಳಿಯುವುದಿಲ್ಲ. ಅದು ನೆಲದ ಮೇಲಿನ ಹಕ್ಕಿನ ಮಾತೂ ಆಗುತ್ತದೆ.

2. ಬದಲಾದದ್ದು ಯಾರ ಹೆಸರು?

ಪಟ್ಟಿಯಲ್ಲಿರುವ ಹೆಸರುಗಳೆಲ್ಲ ಒಂದೇ ಬಗೆಯವಲ್ಲ. ಹುಬ್ಬಳ್ಳಿ, ತುಮಕೂರು, ಬಳ್ಳಾರಿ, ಹೊಸಪೇಟೆ ಮೊದಲಾದವು ಕನ್ನಡ ಬರಹದಲ್ಲಿ ಮೊದಲಿನಿಂದಲೂ ಹಾಗೆಯೇ ಇದ್ದವು. ಬದಲಾದದ್ದು ‘ಹುಬ್ಲಿ’, ‘ತುಮ್ಕೂರ್’, ‘ಬೆಲ್ಲಾರಿ’, ‘ಹಾಸ್ಪೆಟ್’ ಎಂಬ ಇಂಗ್ಲಿಷ್ ರೂಪಗಳು ಮಾತ್ರ. ದಾವಣಗೆರೆಯ ಮಂಡಿಗೆ ಹತ್ತಿಯನ್ನೋ ಮೆಕ್ಕೆಜೋಳವನ್ನೋ ತಂದ ರೈತನ ಮಾತಿನಲ್ಲಿ ಇವುಗಳಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಅವನ ಪಾಲಿಗೆ ಇದು ಹೆಸರು ಬದಲಾವಣೆಯೇ ಅಲ್ಲ. ತನ್ನ ಮಾತನ್ನು ಇಂಗ್ಲಿಷ್ ಫಲಕವು ತಡವಾಗಿ ಕೇಳಿಸಿಕೊಂಡದ್ದು.

ಆದರೆ ಆಡುಮಾತು ಕನ್ನಡದ ಶಿಷ್ಟ ಬರಹವನ್ನೂ ಪೂರ್ತಿಯಾಗಿ ಅನುಸರಿಸುವುದಿಲ್ಲ. ಬಸ್ಸಿನ ಫಲಕದಲ್ಲಿ ‘ಹುಬ್ಬಳ್ಳಿ’ ಎಂದಿದ್ದರೂ ನಿರ್ವಾಹಕನ ಕೂಗು ‘ಹುಬ್ಳಿ ಹುಬ್ಳಿ’ ಎಂದೇ ಇರುತ್ತದೆ. ‘ಶಿವಮೊಗ್ಗ’ ಎಂದು ಬರೆದವರೇ ‘ಶಿಮೊಗ್ಗ’ ಎನ್ನುತ್ತಾರೆ. ಇಂಗ್ಲಿಷರು ಕೆಡಿಸಿದರೆಂದು ಹೇಳಲಾಗುವ ಹಲವು ರೂಪಗಳು ಜನರ ಹ್ರಸ್ವೀಕರಣಕ್ಕೆ ತೀರ ಹತ್ತಿರವಾಗಿವೆ ಎಂಬುದು ಗಮನಾರ್ಹ. ವಸಾಹತು ಕಾಲದ ಬರಹಗಾರನು ಕೆಲವೆಡೆ ತಪ್ಪಾಗಿ ಕೇಳಿಸಿಕೊಂಡಿರಬಹುದು. ಕೆಲವೆಡೆ ಬೀದಿಯ ಮಾತನ್ನು ಸರಿಯಾಗಿಯೇ ಕೇಳಿಸಿಕೊಂಡಿರಲೂಬಹುದು.

ಎರಡನೆಯ ಬಗೆಗೆ ಸೇರುವವು ಕಲಬುರಗಿ ಮತ್ತು ವಿಜಯಪುರ. ಇಲ್ಲಿ ಕನ್ನಡ ಬರಹವೂ ಬದಲಾಯಿತು. ‘ಕಲಬುರ್ಗಿ’ ಎಂಬುದು ಸ್ಥಳೀಯರ ಮಾತಿನಲ್ಲಿ ಮೊದಲೇ ಜೀವಂತವಾಗಿದ್ದುದರಿಂದ ‘ಗುಲಬರ್ಗಾ’ ಹಿಂದೆ ಸರಿಯುವುದು ಸುಲಭವಾಯಿತು. ‘ಬಿಜಾಪುರ’, ‘ವಿಜಾಪುರ’ ಎನ್ನುತ್ತಿದ್ದವರ ನಡುವೆ ‘ವಿಜಯಪುರ’ ಅಷ್ಟು ಸಲೀಸಾಗಿ ಇಳಿಯಲಿಲ್ಲ. ದೇವನಹಳ್ಳಿ ತಾಲ್ಲೂಕಿನಲ್ಲಿ ಅದೇ ಹೆಸರಿನ ಪಟ್ಟಣ ಮೊದಲೇ ಇರುವುದೂ ಗೊಂದಲಕ್ಕೆ ಎಡೆಮಾಡಿತು. ಆಜ್ಞೆಯು ಬಾಯಲ್ಲಿದ್ದ ರೂಪವನ್ನು ಅನುಸರಿಸಿದಾಗ ಬೇಗ ನೆಲೆಗೊಳ್ಳುತ್ತದೆ. ಪ್ರಾಚೀನತೆಯನ್ನು ಮಾತ್ರ ನೆಚ್ಚಿದಾಗ ಫಲಕದಲ್ಲಿ ಬಹುಕಾಲ ಕಾಯಬೇಕಾಗುತ್ತದೆ.

3. ಕೆರೆಯೋ ಕೇರಿಯೋ

ದಾವಣಗೆರೆಯ ಹೆಸರಿನ ಎರಡು ರೂಪಗಳು ಇಂದಿಗೂ ಬಳಕೆಯಲ್ಲಿವೆ. ತೆಂಕಣ ಭಾಗದವರು ‘ದಾವಣಗೆರೆ’ ಎಂದರೆ ಹೊಳೆಯಾಚೆಯವರು ‘ದಾವಣಗೇರಿ’ ಎನ್ನುತ್ತಾರೆ. ಉತ್ತರದ ಆಡುನುಡಿಯಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ಮನೆ ‘ಮನಿ’ಯಾಗುತ್ತದೆ, ಕೆರೆ ‘ಕೆರಿ’ಯಾಗುತ್ತದೆ. ಊರ ಹೆಸರಿನಲ್ಲಿ ಇದರ ಜೊತೆಗೆ ಹಿಂದಿನ ಸ್ವರವೂ ದೀರ್ಘವಾದಾಗ ನೀರಿನ ಕೆರೆ, ಜನ ವಾಸಿಸುವ ಕೇರಿಯಂತೆ ಕೇಳಿಸುತ್ತದೆ. ಒಂದೇ ಹೆಸರಿನೊಳಗೆ ಒಬ್ಬರಿಗೆ ನೀರು ಕಂಡರೆ ಇನ್ನೊಬ್ಬರಿಗೆ ಬೀದಿ ಕಾಣುತ್ತದೆ. ‘ಗೇರಿ’ ಎನ್ನುವವರನ್ನು ತಿದ್ದುವ, ನಗುವ ರೂಢಿ ಇದೆ. ಭಾಷೆಯ ನಿಯಮದ ಪ್ರಕಾರ ಅವರು ತಪ್ಪು ಮಾಡುತ್ತಿಲ್ಲ; ತಮ್ಮ ಸೀಮೆಯ ಕನ್ನಡವನ್ನು ಆಡುತ್ತಿದ್ದಾರೆ ಅಷ್ಟೆ.

ಹೆಸರಿನ ಪೂರ್ವಪದದ ಬಗೆಗೂ ಕಥೆಗಳಿವೆ. ದಣಿದು ಬಂದ ಚಾಲುಕ್ಯರ ಸೈನ್ಯ ಇಲ್ಲಿಯ ಕೆರೆಯ ದಂಡೆಯಲ್ಲಿ ಕುದುರೆಗಳ ಹಗ್ಗ ಬಿಚ್ಚಿ ನೀರು ಕುಡಿಸಿ ವಿಶ್ರಮಿಸಿತು, ಅದರಿಂದ ಊರಿಗೆ ಈ ಹೆಸರು ಬಂತು ಎನ್ನುವುದು ಒಂದು. ಈ ಕಥೆ ಇತಿಹಾಸದ ಸಾಕ್ಷ್ಯವಲ್ಲ. ಆದರೆ ಜಾನುವಾರುಗಳನ್ನು ಸಾಲಾಗಿ ಕಟ್ಟುವ ಹಗ್ಗವಾದ ‘ದಾವಣಿ’ ಎಂಬ ರೈತರ ಪದವನ್ನೂ ಕೆರೆಯನ್ನೂ ಅದು ಒಟ್ಟಿಗೆ ಉಳಿಸಿಕೊಂಡಿದೆ. ಪತ್ರಿಕೆಗಳಲ್ಲಿಯೂ ವೇದಿಕೆಗಳಲ್ಲಿಯೂ ಊರಿಗೆ ‘ದೇವನಗರಿ’ ಎಂಬ ಗೌರವದ ಹೆಸರು ಬಳಕೆಯಲ್ಲಿದೆ. ಪ್ರಶಂಸೆಯ ಮಾತಾಗಿ ಇದಕ್ಕೆ ಆಕ್ಷೇಪವಿಲ್ಲ. ಮೂಲ ಹೆಸರೇ ಇದೆಂದು ಸಾಧಿಸಹೊರಟರೆ ಮಾತ್ರ ಹಗ್ಗವೂ ಹೋಗುತ್ತದೆ, ಕೆರೆಯೂ ಹೋಗುತ್ತದೆ. ಜವಳಿ ಗಿರಣಿಗಳ ಕಾಲದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಗಿರಣಿಗಳೊಂದಿಗೆ ಹಿಂದೆ ಸರಿದು, ‘ಬೆಣ್ಣೆ ನಗರಿ’ ಮುಂದೆ ಬಂದಿರುವುದನ್ನು ನೋಡಿದರೆ ಬಿರುದುಗಳ ಆಯುಷ್ಯ ಎಷ್ಟೆಂಬುದು ತಿಳಿಯುತ್ತದೆ.

4. ಕೂಡಲೂರು ಹರಿಹರವಾದದ್ದು

ಹರಿಹರವು ಇದಕ್ಕಿಂತ ಹಳೆಯ ಹೆಸರು ಬದಲಾವಣೆಯ ನಿದರ್ಶನ. ತುಂಗಭದ್ರೆಗೆ ಹರಿದ್ರಾ ಹಳ್ಳ ಸೇರುವ ಈ ಸ್ಥಳವನ್ನು ಶಾಸನಗಳು ಕೂಡಲೂರು ಎಂದು ಕರೆದಿವೆ. ನೀರು ಕೂಡುವ ಊರು ಎಂಬ ನೇರವಾದ ಕನ್ನಡ ಹೆಸರು ಅದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಕಾಲಕ್ರಮದಲ್ಲಿ ದೇವರ ಹೆಸರು ಊರ ಹೆಸರಾಗಿ ನಿಂತಿತು.

ಸ್ಥಳಪುರಾಣದಲ್ಲಿ ಗುಹಾಸುರನಿಗೆ ಹರಿಯಿಂದಾಗಲಿ ಹರನಿಂದಾಗಲಿ ಪ್ರತ್ಯೇಕವಾಗಿ ಸಾವಿಲ್ಲದ ವರವಿದೆ. ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಸಂಹರಿಸುತ್ತಾರೆ. ಶೈವ–ವೈಷ್ಣವ ಪಂಥಗಳ ನಡುವಣ ಸ್ಪರ್ಧೆಗೆ ಜನಮನ ಕಂಡುಕೊಂಡ ಉತ್ತರವೆಂದು ಇದನ್ನು ಓದಬಹುದು. ಹಳೆಯ ಹೆಸರಿನ ಆಶಯವೂ ಇಲ್ಲಿ ಪೂರ್ತಿ ಅಳಿದಿಲ್ಲ. ಎರಡು ನೀರು ಕೂಡುವ ಊರು, ಎರಡು ದೇವರು ಕೂಡಿದ ಊರಾಯಿತು. ಇದಕ್ಕೆ ಫಲಕವಾಗಲಿ ಅಧಿಸೂಚನೆಯಾಗಲಿ ಇರಲಿಲ್ಲ. ಪೂಜೆ, ಜಾತ್ರೆ, ಕಥನಗಳ ಮೂಲಕ ತಲೆಮಾರುಗಳು ಹೊಸ ಹೆಸರನ್ನು ತಮ್ಮದಾಗಿಸಿಕೊಂಡವು.

5. ಗಡಿ ಸರಿದರೂ ಉಳಿದ ಹೆಸರು

ಏಕೀಕರಣಕ್ಕೆ ಮೊದಲು ಹರಿಹರದ ಬಳಿಯ ತುಂಗಭದ್ರೆಯೇ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತಕ್ಕೂ ಗಡಿಯಾಗಿತ್ತು. 1956ರಲ್ಲಿ ಆ ಗಡಿ ಅಳಿಯಿತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಯಂತ್ರ ತಯಾರಿಕೆಯ ಕಾರ್ಖಾನೆ ಮಾತ್ರ ‘ಮೈಸೂರು ಕಿರ್ಲೋಸ್ಕರ್’ ಎಂಬ ಹೆಸರಿನಲ್ಲಿಯೇ ಮುಂದುವರಿಯಿತು. ಹೊಳೆಯಾಚೆ, ಇಂದಿನ ಹಾವೇರಿ ಜಿಲ್ಲೆಯ ಕುಮಾರಪಟ್ಟಣದಲ್ಲಿ ಸ್ಥಾಪನೆಗೊಂಡ ಕಾರ್ಖಾನೆ ‘ಹರಿಹರ ಪಾಲಿಫೈಬರ್ಸ್’ ಎಂಬ ಹೆಸರನ್ನು ಪಡೆಯಿತು. ಜಿಲ್ಲೆಯ ಗಡಿಯನ್ನು ದಾಟಿ ಊರ ಹೆಸರು ಹರಡಿಕೊಂಡ ಬಗೆ ಇದು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಜಿಲ್ಲೆಗಳ ತಾಲ್ಲೂಕುಗಳು ಅದರಲ್ಲಿ ಸೇರಿದವು. ಹರಪನಹಳ್ಳಿಯು ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸದಾಗಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿತು. ಒಂದು ತಲೆಮಾರಿನೊಳಗೆ ವಿಳಾಸದ ಕೊನೆಯ ಸಾಲು ಮೂರು ಬಾರಿ ಬದಲಾಯಿತು. ಮೊದಲ ಸಾಲಿನ ಊರು ಹಾಗೆಯೇ ಉಳಿಯಿತು. 2025ರಲ್ಲಿ ರಾಮನಗರ ಜಿಲ್ಲೆಯನ್ನು ‘ಬೆಂಗಳೂರು ದಕ್ಷಿಣ’ ಎಂದು ಕರೆಯಲು ಸರ್ಕಾರ ತೀರ್ಮಾನಿಸಿದಾಗಲೂ ಭೂಮಿಯ ಬೆಲೆ ಮತ್ತು ಹೂಡಿಕೆಯ ಮಾತುಗಳು ಮುಂಚೂಣಿಯಲ್ಲಿದ್ದವು. ಒಂದು ಕಾಲಕ್ಕೆ ಕ್ಲೋಸ್‌ಪೇಟೆಯಾಗಿದ್ದ ಊರಿಗೆ ಇದು ಹೊಸ ಅನುಭವವೇನಲ್ಲ.

ಸಮಾರೋಪ

ಮೇಲಿನ ನಿದರ್ಶನಗಳಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. 2014ರ ಆದೇಶ ಬಹುಪಾಲು ಜನರ ಹೆಸರುಗಳನ್ನು ಬದಲಿಸಲಿಲ್ಲ. ಅವುಗಳಿಗೆ ಇಂಗ್ಲಿಷಿನಲ್ಲಿ ಮಾನ್ಯತೆ ತಂದಿತು. ಎಲ್ಲಿ ಹೆಸರು ನಿಜವಾಗಿ ಬದಲಾಯಿತೋ ಅಲ್ಲಿ ಗಡಿ, ಗತಕಾಲ ಅಥವಾ ಮಾರುಕಟ್ಟೆಯ ರಾಜಕಾರಣ ಹಿನ್ನೆಲೆಯಲ್ಲಿದೆ. ಹೊಸ ಹೆಸರು ಉಳಿಯುವುದು ಅದು ಜನರ ನಿತ್ಯದ ವ್ಯವಹಾರದಲ್ಲಿ ಸೇರಿಕೊಂಡಾಗ ಮಾತ್ರ.

ಆದ್ದರಿಂದ ಸ್ಥಳನಾಮ ಕೋಶಗಳು ಅಧಿಕೃತ ರೂಪದ ಪಕ್ಕದಲ್ಲಿ ‘ಹುಬ್ಳಿ’, ‘ಶಿಮೊಗ್ಗ’, ‘ದಾವಣಗೇರಿ’ಗಳನ್ನೂ, ಅವು ಯಾವ ಸೀಮೆಯ ರೂಪಗಳೆಂಬ ವಿವರದೊಡನೆ ದಾಖಲಿಸಬೇಕು. ಇಂಗ್ಲಿಷ್ ಬರಹ ಕನ್ನಡಕ್ಕೆ ಮಾಡಿದ ಅನ್ಯಾಯವನ್ನು ಸರಿಪಡಿಸಲು ಹೊರಟವರು ಶಿಷ್ಟ ಬರಹದ ಹೆಸರಿನಲ್ಲಿ ಆಡುನುಡಿಗೆ ಅದೇ ಅನ್ಯಾಯವನ್ನು ಮಾಡಬಾರದು. ‘ದಾವಣಗೇರಿ’ ಎನ್ನುವ ಹೊಳೆಯಾಚೆಯ ಮುದುಕಿಯ ಮಾತೂ ಆ ಊರಿನ ಹೆಸರೇ.