ಬೆನ್ನಿಗೆ ಸೂರ್ಯ, ಎದುರಿಗೆ ಬಂಡೆ

ಕಡಲತೀರದ ಸೂರ್ಯೋದಯ ಎಂದೊಡನೆ ನೀರಿನಿಂದ ಮೇಲೇಳುವ ಕೆಂಪು ಬಿಂಬ ಕಣ್ಣಿಗೆ ಕಟ್ಟುತ್ತದೆ. ಕನ್ಯಾಕುಮಾರಿಯಲ್ಲೋ ವಿಶಾಖಪಟ್ಟಣದಲ್ಲೋ ಆ ನೋಟ ಸಿಗುತ್ತದೆ. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿ ಮಾತ್ರ ಪಡುವಣಕ್ಕೆ ಮುಖ ಮಾಡಿದೆ. ಇಲ್ಲಿ ಸೂರ್ಯ ಕಡಲಲ್ಲಿ ಮುಳುಗುತ್ತಾನೆ, ಘಟ್ಟದ ಕಡೆಯಿಂದ ಹುಟ್ಟುತ್ತಾನೆ. ಹಾಗಾಗಿ ಕ್ಯಾಮೆರಾ ಹಿಡಿದು ಬಂದವರು ಸಂಜೆಗೆ ಕಾಯುತ್ತಾರೆ, ಬೆಳಗಿನ ಹೊತ್ತನ್ನು ನಿದ್ದೆಗೆ ಬಿಟ್ಟುಕೊಡುತ್ತಾರೆ.

ಬಂಡೆಗಳ ಚಿತ್ರ ಬೇಕೆನ್ನುವವರಿಗೆ ಇದು ದೊಡ್ಡ ನಷ್ಟ. ಸಂಜೆ ಬೆಳಕು ಬಂಡೆಯ ಹಿಂದಿನಿಂದ ಬರುತ್ತದೆ. ದಡದಲ್ಲಿ ನಿಂತವರಿಗೆ ಕಾಣುವುದು ಕಪ್ಪು ಆಕೃತಿ ಮಾತ್ರ. ಬೆಳಿಗ್ಗೆ ಅದೇ ಬಂಡೆಯ ಮೈಮೇಲೆ ನೇರವಾಗಿ ಬಿಸಿಲು ಬೀಳುತ್ತದೆ. ಬಿರುಕು, ಪಾಚಿ, ಅಂಟಿಕೊಂಡ ಚಿಪ್ಪು, ಕುಳಿಯಲ್ಲಿ ನಿಂತ ನೀರು ಎಲ್ಲವೂ ಬಣ್ಣ ಪಡೆಯುತ್ತವೆ.

ಇಂಥ ಚಿತ್ರಕ್ಕೆ ಹೇಳಿ ಮಾಡಿಸಿದ್ದು ವೈಡ್ ಆಂಗಲ್ ಲೆನ್ಸ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿ ನೋಡಿದರೆ, 16 ಮಿ.ಮೀ. ಲೆನ್ಸ್ ಸುಮಾರು 107 ಡಿಗ್ರಿ ನೋಡುತ್ತದೆ. ಮೊಬೈಲಿನಲ್ಲಿ 0.5 ಒತ್ತಿದಾಗ ಸಿಗುವುದೂ ಹೆಚ್ಚುಕಡಿಮೆ ಇಂಥದೇ ನೋಟ. ಇಷ್ಟು ಅಗಲದ ನೋಟದಲ್ಲಿ ಸೂರ್ಯನಿಗೆ ದಕ್ಕುವ ಜಾಗ ತೀರಾ ಸಣ್ಣದು. ಆಕಾಶದಲ್ಲಿ ಅವನ ಅಗಲ ಅರ್ಧ ಡಿಗ್ರಿ. 16 ಮಿ.ಮೀ.ನಲ್ಲಿ ತೆಗೆದ ಚಿತ್ರವನ್ನು ಹನ್ನೆರಡು ಇಂಚು ಅಗಲಕ್ಕೆ ಪ್ರಿಂಟ್ ಹಾಕಿಸಿದರೆ ಸೂರ್ಯ ಸಾಸಿವೆ ಕಾಳಿನಷ್ಟಿರುತ್ತಾನೆ. ಚಿತ್ರ ನಿಲ್ಲುವುದು ಹತ್ತಿರದ ಬಂಡೆಯ ಬಲದ ಮೇಲೆ.

ಉಡುಪಿ ಜಿಲ್ಲೆಯ ಕಾಪುವಿನಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿದೆ, ಎತ್ತರ ಸುಮಾರು 27 ಮೀಟರ್. ಅದನ್ನು ಹಿಂದಿಟ್ಟುಕೊಂಡು, ಎದುರಿನ ಸಣ್ಣ ಕಲ್ಲೊಂದರಿಂದ ಎರಡಡಿ ದೂರದಲ್ಲಿ ಮೊಣಕಾಲೆತ್ತರಕ್ಕೆ ಕ್ಯಾಮೆರಾ ಇಟ್ಟರೆ ಆ ಕಲ್ಲೇ ಚಿತ್ರದ ಯಜಮಾನ. ಇನ್ನೆರಡಡಿ ಹಿಂದೆ ಸರಿದರೆ ಕಲ್ಲು ಅರ್ಧಕ್ಕೆ ಕುಗ್ಗುತ್ತದೆ, ದೂರದ ದೀಪಸ್ತಂಭ ಇದ್ದಷ್ಟೇ ಇರುತ್ತದೆ. ಇಲ್ಲಿ ಜೂಮ್ ತಿರುಗಿಸುವುದಕ್ಕಿಂತ ಎರಡು ಹೆಜ್ಜೆ ಹಾಕುವುದು ಹೆಚ್ಚು ಕೆಲಸ ಮಾಡುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಮಾತ್ರ ದೀಪಸ್ತಂಭ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಮಟ್ಟಸವಾಗಿ ಹಿಡಿದು, ತುದಿ ಚೌಕಟ್ಟಿನೊಳಗೆ ಬರುವಷ್ಟು ದೂರ ನಿಲ್ಲಬೇಕು.

ಬೆಳಕಿನ ಆಟ ಸೂರ್ಯ ಕಾಣಿಸುವ ಮೊದಲೇ ಶುರುವಾಗುತ್ತದೆ. ಆಗ ಪಡುವಣ ದಿಗಂತದಲ್ಲಿ ನೀಲಿ-ಬೂದು ಬಣ್ಣದ ಪಟ್ಟಿಯೊಂದು ಕಾಣುತ್ತದೆ. ಅದು ವಾಯುಮಂಡಲದ ಮೇಲೆ ಬಿದ್ದ ಭೂಮಿಯದೇ ನೆರಳು. ಅದರ ಮೇಲೊಂದು ಗುಲಾಬಿ ಪಟ್ಟಿ. ಸೂರ್ಯ ಮೇಲೇರಿದಂತೆ ಎರಡೂ ಕಡಲಿನೊಳಕ್ಕೆ ಇಳಿಯುತ್ತವೆ. ದಿಗಂತದುದ್ದಕ್ಕೂ ಹರಡಿದ ಈ ಬಣ್ಣವನ್ನು ಹಿಡಿಯಲು ಅಗಲದ ಲೆನ್ಸೇ ಬೇಕು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿದ್ದಾಗಿನಿಂದ ಉದಯದವರೆಗೆ ಸಿಗುವ ಸಮಯ 22-23 ನಿಮಿಷ ಅಷ್ಟೆ. ಟ್ರೈಪಾಡ್ ಹೂಡುವ ಕೆಲಸ ಕತ್ತಲಲ್ಲೇ ಮುಗಿದಿರಬೇಕು.

ಪಂಚಾಂಗದ ಸೂರ್ಯೋದಯಕ್ಕೂ ಬಂಡೆಗೆ ಬಿಸಿಲು ತಾಗುವ ಹೊತ್ತಿಗೂ ಕೆಲವು ನಿಮಿಷಗಳ ಅಂತರವಿರುತ್ತದೆ. ಘಟ್ಟ, ತೆಂಗಿನ ತೋಟಗಳು ನಡುವೆ ಇವೆಯಲ್ಲ! ಕಾಪುವಿನಲ್ಲಿ ಬಿಸಿಲು ಮೊದಲು ದೀಪಸ್ತಂಭದ ತುದಿಗೆ ತಾಗಿ, ಕೆಳಗಿಳಿದು, ಕೊನೆಗೆ ಬಂಡೆಗೆ ಬರುತ್ತದೆ.

ಆಗ ಒಂದು ತೊಡಕು ಎದುರಾಗುತ್ತದೆ. ಬೆನ್ನ ಹಿಂದಿನ ಸೂರ್ಯ 5 ಡಿಗ್ರಿ ಎತ್ತರದಲ್ಲಿದ್ದರೆ ನಿಂತವರ ನೆರಳು ಅವರ ಎತ್ತರದ ಹನ್ನೊಂದು ಪಟ್ಟಿಗೂ ಹೆಚ್ಚು ಉದ್ದ ಚಾಚುತ್ತದೆ. ವೈಡ್ ಆಂಗಲ್ ಅದನ್ನು ಖಂಡಿತ ಹಿಡಿಯುತ್ತದೆ. ಮರದ ನೆರಳೊಳಗೆ ನಿಲ್ಲಬೇಕು, ಇಲ್ಲವೇ ಕ್ಯಾಮೆರಾವನ್ನು ತೀರದುದ್ದಕ್ಕೆ ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಬೆಳಕು ಪಕ್ಕದಿಂದ ಬಿದ್ದು ಕಲ್ಲಿನ ಉಬ್ಬುತಗ್ಗು ಎದ್ದು ಕಾಣುತ್ತದೆ.

16 ಮಿ.ಮೀ. ಲೆನ್ಸಿನಲ್ಲಿ ಅಪರ್ಚರ್ ಎಫ್/11 ಇಟ್ಟು ಸುಮಾರು 80 ಸೆಂ.ಮೀ. ದೂರಕ್ಕೆ ಫೋಕಸ್ ಮಾಡಿದರೆ 40 ಸೆಂ.ಮೀ.ನಿಂದ ದಿಗಂತದವರೆಗೆ ಸ್ಪಷ್ಟವಾಗಿ ಬರುತ್ತದೆ. ಎಫ್/22ಕ್ಕೆ ಹೋದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರ ಮೆತ್ತಗಾಗುತ್ತದೆ. ಅಲೆಯ ಹನಿಗಳು ಗಾಳಿಯಲ್ಲಿ ನಿಂತಂತೆ ಬೇಕಿದ್ದರೆ ಶಟರ್ ತೆರೆದಿರುವ ಸಮಯ ಸೆಕೆಂಡಿನ ಐನೂರನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಹಿಂದೆ ಸರಿಯುವ ನೊರೆ ಗೆರೆಗಳಾಗಬೇಕಿದ್ದರೆ ಅರ್ಧದಿಂದ ಒಂದು ಸೆಕೆಂಡು. ಕಡಲು ಮಂಜಿನಂತಾಗಬೇಕಿದ್ದರೆ ಮೂವತ್ತು ಸೆಕೆಂಡು, ಜೊತೆಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್. ಪೋಲರೈಸರ್ ಬಳಸಿದರೆ ಅಗಲದ ಆಕಾಶ ಒಂದೆಡೆ ಗಾಢ, ಇನ್ನೊಂದೆಡೆ ಪೇಲವವಾಗುತ್ತದೆ. ಅಲೆ ಹಿಂದೆ ಹೋಗುವಾಗ ಟ್ರೈಪಾಡಿನ ಕಾಲಡಿಯ ಮರಳು ಜಾರಿ ಚಿತ್ರ ಅಲುಗುತ್ತದೆ. ಕಾಲುಗಳನ್ನು ಮೊದಲೇ ಆಳಕ್ಕೆ ಒತ್ತಿರಬೇಕು. ಉಪ್ಪುಹನಿ ಗಾಜಿನ ಮೇಲೆ ಕೂರುವುದರಿಂದ ಪ್ರತಿ ಕ್ಲಿಕ್ಕಿನ ನಂತರ ಒರೆಸಲು ಒಣಬಟ್ಟೆ ಇರಬೇಕು.

ಸೂರ್ಯನ ಬಿಂಬವಿಲ್ಲದೆ ಕಲ್ಲಷ್ಟೇ ಚಿತ್ರವಾದೀತೇ ಎನ್ನುವವರು ಅಮೆರಿಕದ ಎಡ್ವರ್ಡ್ ವೆಸ್ಟನ್ ಅವರ ಕೆಲಸ ನೋಡಬೇಕು. ನಮ್ಮಂತೆಯೇ ಪಡುವಣಕ್ಕೆ ಮುಖ ಮಾಡಿದ ಕ್ಯಾಲಿಫೋರ್ನಿಯಾ ತೀರದ ಪಾಯಿಂಟ್ ಲೋಬೋಸ್‌ನಲ್ಲಿ ಅವರು 1929ರಿಂದ ಬಂಡೆಗಳನ್ನು ಚಿತ್ರಿಸಿದರು. 1948ರಲ್ಲಿ ತೆಗೆದ ಅವರ ಕೊನೆಯ ಚಿತ್ರವೂ ಅಲ್ಲಿನ ಕಲ್ಲುಗಳದೇ.

ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಆಕಾಶ ತಿಳಿಯಾಗಿರುತ್ತದೆ, ಕಡಲು ಶಾಂತವಾಗಿರುತ್ತದೆ. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಮುಂಜಾನೆ ಇಳಿತವಿರುವ ದಿನ ನೋಡಿಕೊಂಡು ಹೊರಡಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ, ಅದನ್ನೂ ಗಮನಿಸಿ. ಮೊದಲ ಹತ್ತು ನಿಮಿಷ ಅಲೆ ಎಲ್ಲಿಯವರೆಗೆ ಬರುತ್ತದೆಂದು ಸುಮ್ಮನೆ ನೋಡಿ. ಒದ್ದೆಯಾದ ಕಪ್ಪು ಪಾಚಿಯ ಮೇಲೆ ಕಾಲಿಡಬೇಡಿ, ಒಬ್ಬರೇ ಹೋಗಬೇಡಿ. ಮಳೆಗಾಲದ ನಾಲ್ಕು ತಿಂಗಳು ಯಾವ ಚಿತ್ರಕ್ಕಾಗಿಯೂ ಈ ಬಂಡೆಗಳನ್ನು ಹತ್ತಬೇಡಿ.